ಆಯುಧ ಪೂಜೆಗೆ ಫ್ಲೈ ರಾಡ್ ಇಳಿಸುವವರೇ, ಮೊದಲು ಗಂಟು ಸರಿಯಾಗಿ ಹಾಕಿ

ಆಯುಧ ಪೂಜೆಯ ದಿನ ಸ್ಕೂಟರ್ ತೊಳೆದು, ಈಳಿಗೆ ಮಣೆಗೆ ಕುಂಕುಮ ಇಟ್ಟ ಮೇಲೆ ನಾನು ಅಟ್ಟ ಹತ್ತಿ ಮೀನು ಹಿಡಿಯುವ ಫ್ಲೈ ರಾಡ್ ಇಳಿಸುತ್ತೇನೆ. ನಮ್ಮ ಕಡೆ ಇದಕ್ಕೆ ಇದೇ ಸರಿಯಾದ ಹೊತ್ತು. ಜೂನ್, ಜುಲೈಯಲ್ಲಿ ಹೊಸ ನೀರಿಗೆ ಮೀನು ಮೊಟ್ಟೆ ಇಡಲು ಹತ್ತುತ್ತವೆ, ಆಗ ಅವನ್ನು ಅವುಗಳ ಪಾಡಿಗೆ ಬಿಡಬೇಕು. ಹೇಗೂ ಆಗ ನೀರು ಚಹಾ ಬಣ್ಣಕ್ಕೆ ತಿರುಗಿರುತ್ತದೆ. ಹಸ್ತ, ಚಿತ್ತಾ ಮಳೆ ಕಳೆದು ಸೂಳೆಕೆರೆಯ ನೀರು ತಿಳಿಯಾಗುತ್ತಾ ಬಂದಾಗ, ಬೆಳಗಿನ ಹೊತ್ತು ಗೆಂಡೆಗಳು ಮೇಲೆ ಬಂದು ಬಾಯಿ ತೆರೆಯುವ ಸದ್ದು ಕೇಳಿದರೆ ಸಾಕು, ನಮ್ಮಂಥವರಿಗೆ ಆಫೀಸಿನಲ್ಲಿ ಕೈ ಓಡುವುದಿಲ್ಲ.

ದಾವಣಗೆರೆಯಲ್ಲಿ ಫ್ಲೈ ಫಿಶಿಂಗಾ ಅಂತ ನಗುವವರು ನಗಲಿ. ಗೊತ್ತಿಲ್ಲದವರಿಗೆ ಎರಡೇ ಮಾತು. ಮಾಮೂಲಿ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂದರೆ ಗಾಳಕ್ಕೆ ಕಟ್ಟಿದ, ಮೀನಿನ ತಿನಿಸಿನ ಹಾಗೆ ಕಾಣುವ ನಕಲಿ ಎರೆ. ಅದಕ್ಕೆ ತೂಕವೇ ಇಲ್ಲ, ಇಲ್ಲಿ ಲೈನ್ ಎನ್ನುವ ದಪ್ಪ ದಾರದ ತೂಕವೇ ಫ್ಲೈಯನ್ನು ಒಯ್ಯಬೇಕು. 6ನೇ ನಂಬರ್ ಲೈನಿನ ಮೊದಲ 30 ಅಡಿ ಸುಮಾರು 10 ಗ್ರಾಂ ತೂಗುತ್ತದೆ. ರಾಡ್ ಮೇಲೂ 6 ಅಂತ ಬರೆದಿದ್ದರೆ ಜೋಡಿ ಸರಿ. ರಾಡ್ ಒಂದು ನಂಬರ್, ಲೈನ್ ಇನ್ನೊಂದು ನಂಬರ್ ಕೊಂಡು ನನಗೆ ಎಸೆಯಲು ಬರುವುದಿಲ್ಲ ಎಂದು ಕೈಬಿಟ್ಟವರನ್ನು ನೋಡಿದ್ದೇನೆ.

ರಾಡ್ ಒರೆಸುವುದು ಐದು ನಿಮಿಷದ ಕೆಲಸ. ಒದ್ದೆ ಬಟ್ಟೆ ಸಾಕು. ತುಂಡುಗಳು ಕೂಡುವ ಜಾಗಕ್ಕೆ ಮೇಣದ ಬತ್ತಿ ಸ್ವಲ್ಪ ಉಜ್ಜಿ. ಕಾರ್ಕ್ ಹಿಡಿಗೆ ಮಾತ್ರ ಕುಂಕುಮ ಹಚ್ಚಬೇಡಿ, ನನ್ನದು ಇನ್ನೂ ಕೆಂಪಗಿದೆ.

ಲೈನನ್ನು ರೀಲಿನಿಂದ ಪೂರ್ತಿ ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಹಾಕಿ ಅದ್ದಿಡಿ. ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಹಿಡಿದು ಎಳೆಯಿರಿ. ಬಟ್ಟೆಗೆ ಹತ್ತುವ ಕಪ್ಪು ಕೊಳೆ ನೋಡಿದರೆ ಹೋದ ವರ್ಷ ಲೈನ್ ಯಾಕೆ ಮುಳುಗುತ್ತಿತ್ತು ಅಂತ ಗೊತ್ತಾಗುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಿಸಲೇಬೇಡಿ, ಮೇಲಿನ ಪ್ಲಾಸ್ಟಿಕ್ ಪದರ ಹಾಳಾಗುತ್ತದೆ. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ಕ್ರೀಮ್ ಕೂಡ ಹಾಗೆಯೇ. ಕೆರೆ ದಂಡೆಯಲ್ಲಿ ಸೊಳ್ಳೆ ಕಾಟ ಅಂತ ಕೈಗೆ ಬಳಿದುಕೊಂಡು, ಅದೇ ಕೈಯಲ್ಲಿ ಲೈನ್ ಹಿಡಿದು, ನನ್ನ ಗೆಳೆಯನೊಬ್ಬ ಹೊಸ ಲೈನನ್ನೇ ಅಂಟಂಟು ಮಾಡಿಕೊಂಡ.

ಇನ್ನು ಲೀಡರ್. ಎಲ್ಲರೂ ಕೆಡಿಸುವುದು ಇಲ್ಲೇ.

ಲೀಡರ್ ಎಂದರೆ ದಪ್ಪ ಲೈನಿನ ತುದಿಯಿಂದ ಫ್ಲೈವರೆಗಿನ ಕಣ್ಣಿಗೆ ಕಾಣದಂಥ ದಾರ. ಬಾರುಕೋಲು ನೋಡಿದ್ದೀರಲ್ವಾ? ಹಿಡಿಯ ಕಡೆ ದಪ್ಪ, ತುದಿಗೆ ಹೋಗುತ್ತಾ ಸಣ್ಣ, ಅದಕ್ಕೇ ಬೀಸಿದ ಬಲ ತುದಿಯವರೆಗೂ ಹೋಗಿ ಚಟ್ ಅನ್ನುತ್ತದೆ. ಲೀಡರ್ ಕೂಡ ಹಾಗೇ ಇಳಿಯಬೇಕು. 9 ಅಡಿ ಒಂದೇ ದಪ್ಪದ ನೈಲಾನ್ ಕಟ್ಟಿದರೆ ಫ್ಲೈ ಮುಂದೆ ಹೋಗದೆ ನಿಮ್ಮ ತಲೆಯ ಹತ್ತಿರವೇ ಮುದ್ದೆಯಾಗಿ ಬೀಳುತ್ತದೆ. ನನ್ನ ಲೆಕ್ಕ ಸರಳ. 0.45 ಮಿ.ಮೀ. ದಾರ 5 ಅಡಿ, 0.30ರದ್ದು 2 ಅಡಿ, ಕೊನೆಗೆ 0.22ರದ್ದು 2 ಅಡಿ. ಮೂರೂ ನೈಲಾನ್ ಆಗಿರಲಿ. ಫ್ಲೋರೋಕಾರ್ಬನ್ ಜಾಸ್ತಿ ದುಡ್ಡಿನದು, ಮೇಲಾಗಿ ನೀರಿನಲ್ಲಿ ಮುಳುಗುತ್ತದೆ, ತೇಲುವ ಫ್ಲೈಗೆ ಅದು ಯಾಕೆ? ಹೋದ ವರ್ಷದ ಲೀಡರ್ ಎಷ್ಟೇ ಚೆನ್ನಾಗಿ ಕಂಡರೂ ಬಿಸಾಡಿ. ಬಿಸಿಲಿಗೆ ನೈಲಾನ್ ಬಲ ಕಳೆದುಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಬಿಸಾಡುವುದು ಅಂದರೆ ಕೆರೆ ದಂಡೆಗಲ್ಲ, ಕೊಕ್ಕರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಚೂರುಚೂರು ಕತ್ತರಿಸಿ ಮನೆಯ ಕಸಕ್ಕೆ ಹಾಕಿ.

ಎರಡು ದಪ್ಪದ ದಾರ ಕೂಡಿಸಲು ಸರ್ಜನ್ ಗಂಟು. ಎರಡೂ ತುದಿಗಳನ್ನು ಒಂದು ಗೇಣು ಒಂದರ ಪಕ್ಕ ಒಂದು ಮಲಗಿಸಿ, ಎರಡನ್ನೂ ಒಂದೇ ದಾರ ಅಂದುಕೊಂಡು ಕುಣಿಕೆ ಮಾಡಿ, ದಪ್ಪ ದಾರದ ತುದಿಯನ್ನೂ ಸಣ್ಣ ದಾರವನ್ನು ಇಡಿಯಾಗಿಯೂ ಆ ಕುಣಿಕೆಯೊಳಗೆ ಮೂರು ಸಲ ದಾಟಿಸಿ. ಈಗ ಎಂಜಲು ಹಚ್ಚಿ, ನಾಲ್ಕೂ ತುದಿಗಳನ್ನು ಒಟ್ಟಿಗೆ ಎಳೆಯಿರಿ. ನಾಲ್ಕೂ! ಜನ ಎರಡು ತುದಿ ಎಳೆದು ಗಟ್ಟಿಯಾಯಿತು ಅಂತ ಬಿಡುತ್ತಾರೆ. ಆ ಗಂಟು ಮನೆಯಲ್ಲಿ ಗಟ್ಟಿ, ಮೀನು ಸಿಕ್ಕಾಗ ಜಾರುತ್ತದೆ.

ಫ್ಲೈ ಕಟ್ಟುವುದು ಕ್ಲಿಂಚ್ ಗಂಟಿನಲ್ಲಿ. ದಾರವನ್ನು ಗಾಳದ ಕಣ್ಣಿನೊಳಗೆ ತೂರಿಸಿ ಅರ್ಧ ಗೇಣು ಹೊರಗೆ ಎಳೆದುಕೊಳ್ಳಿ. ಆ ತುದಿಯನ್ನು ಮುಖ್ಯ ದಾರಕ್ಕೆ 5 ಸುತ್ತು ಸುತ್ತಿ. ಗಾಳದ ಕಣ್ಣಿನ ಪಕ್ಕದಲ್ಲೇ ಒಂದು ಪುಟ್ಟ ಕುಣಿಕೆ ಉಳಿದಿರುತ್ತದೆ, ತುದಿಯನ್ನು ಅದರೊಳಗೆ ತೂರಿಸಿ. ಹಾಗೆ ತೂರಿಸಿದಾಗ ಇನ್ನೊಂದು ದೊಡ್ಡ ಕುಣಿಕೆ ಹುಟ್ಟುತ್ತದೆ, ಅದರೊಳಗೂ ಒಮ್ಮೆ ತೂರಿಸಿ. ಇಲ್ಲಿಯವರೆಗೆ ಎಲ್ಲರಿಗೂ ಬರುತ್ತದೆ.

ಕೆಡುವುದು ಬಿಗಿಯುವಾಗ. ಒಣ ದಾರವನ್ನು ಜರ್ರನೆ ಎಳೆದರೆ ದಾರಕ್ಕೆ ದಾರ ಉಜ್ಜಿ ಬಿಸಿಯಾಗಿ, ಗಂಟು ಬಿಗಿಯುವ ಮೊದಲೇ ಅರ್ಧ ಸತ್ತಿರುತ್ತದೆ. ಬಾಯಿಗಿಟ್ಟು ಚೆನ್ನಾಗಿ ಒದ್ದೆ ಮಾಡಿ, ತುದಿಯನ್ನು ಸುಮ್ನೆ ಹಿಡಿದುಕೊಂಡು, ಮುಖ್ಯ ದಾರವನ್ನು ನಿಧಾನಕ್ಕೆ ಎಳೆಯಿರಿ. ಸುತ್ತುಗಳು ಸ್ಪ್ರಿಂಗ್ ಹಾಗೆ ಒಂದರ ಪಕ್ಕ ಒಂದು ಕೂರಬೇಕು. ಒಂದರ ಮೇಲೊಂದು ಹತ್ತಿದ್ದು ಕಂಡರೆ ಕತ್ತರಿಸಿ ಮತ್ತೆ ಕಟ್ಟಿ, ನಡೆಯುತ್ತೆ ಬಿಡು ಅನ್ನಬೇಡಿ. ಕಟ್ಟಿದ ಮೇಲೆ ಗಾಳವನ್ನು ಇಕ್ಕಳದಲ್ಲಿ ಹಿಡಿದು ಒಮ್ಮೆ ಜೋರಾಗಿ ಎಳೆದು ನೋಡಿ. ಉಳಿದ ತುದಿ 2 ಮಿ.ಮೀ. ಬಿಟ್ಟು ನೈಲ್ ಕಟರ್‌ನಲ್ಲಿ ಕತ್ತರಿಸಿ. ಕೆಲವರು ಬೆಂಕಿಕಡ್ಡಿ ಗೀರಿ ತುದಿ ಕರಗಿಸುತ್ತಾರೆ, ಇನ್ನು ಕೆಲವರು ಸೂಪರ್ ಗ್ಲೂ ಬಿಡುತ್ತಾರೆ. ಸರಿಯಾಗಿ ಕೂತ ಗಂಟಿಗೆ ಎರಡೂ ಬೇಡ, ಬೆಂಕಿಯಂತೂ ಗಂಟನ್ನೇ ಸುಡುತ್ತದೆ.

ಮೀನು ತಪ್ಪಿಸಿಕೊಂಡಾಗ ಅದೃಷ್ಟ ಬೈಯುವ ಮೊದಲು ದಾರದ ತುದಿ ನೋಡಿ. ಹಂದಿ ಬಾಲದ ಹಾಗೆ ಸುರುಳಿಯಾಗಿದ್ದರೆ ಗಂಟು ಜಾರಿದೆ, ತಪ್ಪು ನಿಮ್ಮದೇ. ತರಚಿದ ಹಾಗಿದ್ದರೆ ಕಲ್ಲಿಗೋ ಮುಳ್ಳಿಗೋ ಉಜ್ಜಿದೆ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಆಗ ನಮಗೆ ಗೊತ್ತಿದ್ದ ದಂಡೆಯೇ ನೀರೊಳಗೆ ಹೋಯಿತು. ಮುಳುಗಿದ ಜಾಲಿ ಗಿಡಗಳಿಗೆ ನಾನು ಕಳೆದುಕೊಂಡ ಲೀಡರ್‌ಗಳಿಗೆ ಲೆಕ್ಕವಿಲ್ಲ. ಅಂಥ ಕಡೆ ಪ್ರತಿ ಮೀನಿನ ನಂತರ ಕೊನೆಯ 2 ಅಡಿಯನ್ನು ಎರಡು ಉಗುರಿನ ನಡುವೆ ಎಳೆದು ನೋಡಿ, ಒರಟು ಸಿಕ್ಕರೆ ಕತ್ತರಿಸಿ. ಎಸೆಯುವಾಗ ತಾನಾಗಿ ಬೀಳುವ ಗಂಟೂ ಅಷ್ಟೇ ಕೆಟ್ಟದ್ದು, ದಾರದ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಫ್ಲೈ ಯಾವುದು? ಆನ್‌ಲೈನಿನಲ್ಲಿ ಬಣ್ಣಬಣ್ಣದ ರೆಕ್ಕೆಪುಕ್ಕದ ಫ್ಲೈಗಳ ಡಬ್ಬಿ ಸಿಗುತ್ತದೆ. ನಾನೂ ತರಿಸಿದ್ದೆ, ಮೊದಲ ಗೆಂಡೆಗೇ ಗಾಳ ನೆಟ್ಟಗಾಯಿತು, ಉಳಿದವು ತುಕ್ಕು ಹಿಡಿದವು. ಆ ಪುಕ್ಕ ಹೊರದೇಶದ ಟ್ರೌಟ್ ಮೀನಿಗೆ. ನಮ್ಮ ಗೆಂಡೆ, ಜಿಲೇಬಿ ಮೀನಿಗೆ ಬೇಕಾದದ್ದು ಮಂಡಕ್ಕಿ. ತಮಾಷೆಯಲ್ಲ. 8ನೇ ನಂಬರಿನ ಗಟ್ಟಿ ಗಾಳಕ್ಕೆ, ಮಕ್ಕಳ ಕ್ರಾಫ್ಟ್‌ಗೆ ಮಾರುವ ಬಿಳಿ ಫೋಮ್ ಶೀಟನ್ನು ಮಂಡಕ್ಕಿ ಗಾತ್ರಕ್ಕೆ ಕತ್ತರಿಸಿ, ಹೊಲಿಗೆ ದಾರದಿಂದ ಬಿಗಿದು, ಗಂಟಿಗೆ ಉಗುರು ಬಣ್ಣ ಹಚ್ಚಿ. ಗಾಳದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಲಗಿಸಿ. ಮೀನು ಬಿಡಲು ಸುಲಭ, ನಿಮ್ಮ ಕಿವಿಗೆ ಚುಚ್ಚಿಕೊಂಡರೆ ತೆಗೆಯಲೂ ಸುಲಭ.

ಕೆರೆಗೆ ಹೋದ ಮೇಲೆ ಒಂದೊಂದೇ ಹಿಡಿ ನಿಜವಾದ ಮಂಡಕ್ಕಿ ಎಸೆದು ಕಾಯಿರಿ. ಮೀನಿಗೆ ಮೊದಲು ಉಣ್ಣಿಸಿ ರೂಢಿ ಮಾಡಿಸಬೇಕು ಅನ್ನುವುದನ್ನು 12ನೇ ಶತಮಾನದಲ್ಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆದಿಟ್ಟಿದ್ದಾನೆ, ನಾವೇನೂ ಹೊಸದು ಮಾಡುತ್ತಿಲ್ಲ. ಒಂದು ಸಲ ತಿನ್ನಲು ಶುರು ಮಾಡಿದರೆ ಅವುಗಳ ನಡುವೆ ನಿಮ್ಮ ಫೋಮ್ ಮಂಡಕ್ಕಿಯನ್ನೂ ಇಳಿಸಿ. ಬಾಯಿ ಮುಚ್ಚುವವರೆಗೆ ಎಳೆಯಬೇಡಿ, ಗೆಂಡೆ ನಿಧಾನದ ಮೀನು.

ಕೆರೆಯ ಮೀನುಗಾರಿಕೆ ಗುತ್ತಿಗೆ ಯಾರಿಗೆ ಆಗಿದೆ ಎಂದು ಕೇಳಿ, ಒಪ್ಪಿಗೆ ತೆಗೆದುಕೊಂಡೇ ಇಳಿಯಿರಿ. ಹೊತ್ತೇರಿದರೆ ಗಾಳಿ ಏಳುತ್ತದೆ, ಬೆಳಕು ಹರಿಯುವಾಗಲೇ ದಂಡೆಯಲ್ಲಿರಿ. ಮಂಡಕ್ಕಿ ಮಾತ್ರ ಜಾಸ್ತಿ ಕಟ್ಟಿಸಿಕೊಳ್ಳಿ. ಅರ್ಧ ನಮಗೇ ಬೇಕಾಗುತ್ತದೆ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣವನ್ನೂ ಮರೆಯಬೇಡಿ. ಒಗ್ಗರಣೆ ಹಾಕಿದ ಚೀಲ, ಹಾಕದ ಚೀಲ ಬೇರೆಬೇರೆ ಇರಲಿ. ಹೋದ ಸಲ ಕತ್ತಲಲ್ಲಿ ಖಾರ ಮಂಡಕ್ಕಿ ಕೆರೆಗೆ ಹೋಯಿತು, ನಾವು ಸಪ್ಪೆಯದ್ದನ್ನು ತಿಂದೆವು.