ಪಂಪ್ ಬಿಚ್ಚುವ ಮುನ್ನ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ ಕಡೆಯ ರಸ್ತೆಗಳಲ್ಲಿ ಹಳೆಯ ಲಾರಿಗಳು ಮತ್ತೆ ಹಗಲು ರಾತ್ರಿ ಓಡತೊಡಗುತ್ತವೆ. ಅವುಗಳಲ್ಲಿ ಬಹಳಷ್ಟು ಇನ್‌ಲೈನ್ ಪಂಪಿನ (ಪ್ರತಿ ಸಿಲಿಂಡರಿಗೂ ಒತ್ತಡದಿಂದ ಡೀಸೆಲ್ ಕಳಿಸುವ ಪಂಪ್), ಕಂಪ್ಯೂಟರ್ ಇಲ್ಲದ ಗಾಡಿಗಳು. ಸ್ಕ್ಯಾನರ್ ಹಚ್ಚಿ ನೋಡಲು ಬರುವುದಿಲ್ಲ. ಕಣ್ಣು, ಕಿವಿ ಮತ್ತು ನಾಲ್ಕು ಪಾನಾ ಇದ್ದರೆ ಅರ್ಧ ದೋಷ ದಾರಿಯಲ್ಲೇ ಸಿಗುತ್ತದೆ. ಆದರೂ ಗಾಡಿ ನಿಂತ ಕೂಡಲೇ ಎಲ್ಲರೂ ದೂರುವುದು ಪಂಪನ್ನು. ಡೀಸೆಲ್ ದಾರಿಯಲ್ಲಿ ಅತಿ ತುಟ್ಟಿಯ ಭಾಗ ಅದು. ಅದನ್ನು ಕೊನೆಗೆ ಮುಟ್ಟಬೇಕು.

ಇದನ್ನು ನಾನು ಕಲಿತದ್ದು ನಮ್ಮದೇ ಗಾಡಿಯಿಂದ. ಲೋಡ್ ಹೇರಿಕೊಂಡು ಹೊರಟರೆ ಎಂಟು ಹತ್ತು ಕಿಲೋಮೀಟರಿಗೊಮ್ಮೆ ಉಸಿರು ಕಟ್ಟಿದಂತೆ ನಿಲ್ಲುತ್ತಿತ್ತು, ಅರ್ಧ ಗಂಟೆ ಬಿಟ್ಟರೆ ತಾನೇ ಚಾಲೂ ಆಗುತ್ತಿತ್ತು. ಒಂದು ಗ್ಯಾರೇಜಿನವರು ಪಂಪ್ ಇಳಿಸಿ, ಕ್ಯಾಲಿಬ್ರೇಶನ್ (ಡೀಸೆಲ್ ಅಳತೆ ಸರಿಪಡಿಸುವುದು) ಮಾಡಿಸಿ ಕೂರಿಸಿದರು. ದುಡ್ಡು ಹೋಯಿತು, ನಾಲ್ಕು ಟ್ರಿಪ್ ಹೋದವು, ಗಾಡಿ ಮತ್ತೆ ನಿಂತಿತು. ಹಿಂದೆ ಬಂದ ಲಾರಿಯ ಹಿರಿಯ ಡ್ರೈವರ್ ಇಳಿದು ಬಂದು, ‘ತಮ್ಮಾ, ಮೊದಲು ಟ್ಯಾಂಕಿನ ಮುಚ್ಚಳಾ ತಗಿ’ ಅಂದರು. ತಿರುವಿದ್ದೇ ತಡ, ಸುಯ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ಮುಚ್ಚಳದಲ್ಲಿನ ಗಾಳಿ ತೂತಿನೊಳಗೆ ಎರೆಮಣ್ಣು ಡೀಸೆಲ್ಲಿನಲ್ಲಿ ಕಲೆತು ಗಾರೆಯಂತೆ ಕೂತಿತ್ತು. ಖರ್ಚಾದ ಡೀಸೆಲ್ಲಿನ ಜಾಗಕ್ಕೆ ಗಾಳಿ ಬಾರದೆ ಒಳಗೆ ನಿರ್ವಾತವಾಗಿ, ಫೀಡ್ ಪಂಪ್ (ಟ್ಯಾಂಕಿನಿಂದ ಮುಖ್ಯ ಪಂಪಿಗೆ ಡೀಸೆಲ್ ತರುವ ಚಿಕ್ಕ ಪಂಪ್) ಎಷ್ಟು ಎಳೆದರೂ ಡೀಸೆಲ್ ಬರುತ್ತಿರಲಿಲ್ಲ. ಒಂದು ತಂತಿಯ ತುಂಡಿನಿಂದ ಮುಗಿಯುವ ಕೆಲಸವಾಗಿತ್ತು.

ಮೊದಲು ಹೊಗೆ ನೋಡಿ

ಸೆಲ್ಫ್ ಹೊಡೆಯುವಾಗ ಒಬ್ಬರನ್ನು ಸೈಲೆನ್ಸರ್ ಹತ್ತಿರ ನಿಲ್ಲಿಸಿ. ಹೊಗೆಯೇ ಇಲ್ಲವೆಂದರೆ ಸಿಲಿಂಡರಿಗೆ ಡೀಸೆಲ್ ಮುಟ್ಟುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಮುಟ್ಟುತ್ತಿದೆ, ಉರಿಯುತ್ತಿಲ್ಲ. ಆಗ ಡೀಸೆಲ್ಲಿನಲ್ಲಿ ನೀರು, ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿಯ ಒತ್ತಡ), ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು) ಕಡೆ ನೋಡಬೇಕು. ಓಡುವಾಗ ಕಪ್ಪು ಹೊಗೆ ಕಾರಿದರೆ ನೋಝಲ್ (ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ) ಬಿಚ್ಚುವ ಮುಂಚೆ ಏರ್ ಕ್ಲೀನರ್ ತೆಗೆದು ಜಾಡಿಸಿ.

ಹೊಗೆಯಿಲ್ಲದ ಗಾಡಿಯಲ್ಲಿ ಪಂಪಿನ ಮೇಲಿನ ಸ್ಟಾಪ್ ಲಿವರನ್ನು (ಡೀಸೆಲ್ ನಿಲ್ಲಿಸಿ ಇಂಜಿನ್ ಆರಿಸುವ ಲಿವರ್) ಕೈಯಿಂದ ಅಲುಗಾಡಿಸಿ. ಕೇಬಲ್ ತುಕ್ಕು ಹಿಡಿದು ಲಿವರ್ ಪೂರ್ತಿ ಹಿಂದೆ ಬಾರದಿದ್ದರೆ ಬ್ಯಾಟರಿ ಸಾಯುವವರೆಗೆ ಸೆಲ್ಫ್ ಹೊಡೆದರೂ ಇಂಜಿನ್ ಏಳುವುದಿಲ್ಲ.

ಟ್ಯಾಂಕಿನ ತಳ

ಫ್ಯಾಕ್ಟರಿ ಯಾರ್ಡಿನಲ್ಲಿ ಪಾಳಿಗಾಗಿ ರಾತ್ರಿಯಿಡೀ ನಿಂತ ಗಾಡಿಯ ಟ್ಯಾಂಕು ಅರ್ಧ ಖಾಲಿಯಿದ್ದರೆ, ಚಳಿಗೆ ಒಳಗಿನ ಗಾಳಿಯ ತೇವ ಹನಿಗಟ್ಟಿ ಡೀಸೆಲ್ಲಿಗೆ ಇಳಿಯುತ್ತದೆ. ಬೆಳಿಗ್ಗೆ ಗಾಡಿ ಅಲುಗಾಡುವ ಮುಂಚೆಯೇ ತಳದ ಡ್ರೈನ್ ಪ್ಲಗ್ ಸಡಿಲಿಸಿ, ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹಿಡಿದು ಹತ್ತು ನಿಮಿಷ ಇಡಿ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಸ್ವಚ್ಛ ಡೀಸೆಲ್ ಬರುವವರೆಗೆ ಬಿಡಿ, ಫಿಲ್ಟರ್ ಬಟ್ಟಲನ್ನೂ ಖಾಲಿ ಮಾಡಿ. ಸಂಜೆಯೇ ಟ್ಯಾಂಕ್ ತುಂಬಿಸಿಟ್ಟರೆ ಈ ಕಾಟ ಬಹಳ ಕಡಿಮೆ.

ಏರ್ ಎಲ್ಲಿಂದ ಬರುತ್ತದೆ?

ನಿಜವಾಗಿ ತಲೆ ಕೆಡಿಸುವುದು ಡೀಸೆಲ್ ದಾರಿಯೊಳಗೆ ಸೇರುವ ಈ ಗಾಳಿಯೇ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಪಂಪ್ ಡೀಸೆಲ್ಲನ್ನು ತಳ್ಳುವುದಿಲ್ಲ, ಎಳೆಯುತ್ತದೆ. ಹಾಗಾಗಿ ಇಲ್ಲಿ ಬಿರುಕು ಬಿಟ್ಟರೆ ಹೊರಗೆ ಒಂದು ಹನಿಯೂ ಕಾಣದೆ ಒಳಗೆ ಗಾಳಿ ಸೇರುತ್ತದೆ. ಒಣಗಿದ್ದ ಜಾಯಿಂಟನ್ನು ಸರಿಯಿದೆ ಎಂದುಕೊಳ್ಳಬೇಡಿ. ಬೆಳಿಗ್ಗೆ ಏಳಲು ಸತಾಯಿಸುವ, ಎದ್ದು ಒಂದು ನಿಮಿಷದಲ್ಲಿ ಆರುವ ಗಾಡಿಯಲ್ಲಿ ಮೊದಲ ಅನುಮಾನ ಇಲ್ಲಿಯೇ ಇರಲಿ. ರಬ್ಬರ್ ಪೈಪನ್ನು ಬಗ್ಗಿಸಿ ಸೀಳು ನೋಡಿ, ಪೈಪ್ ಜೋಡಿಸುವ ಬ್ಯಾಂಜೋ ಬೋಲ್ಟಿನ (ಒಳಗೆ ತೂತಿರುವ ಬೋಲ್ಟ್) ತಾಮ್ರದ ವಾಷರ್ ಹೊಸದು ಹಾಕಿ. ಹಳೆಯ ವಾಷರ್ ಬಳಸಿ ಇಪ್ಪತ್ತು ರೂಪಾಯಿ ಉಳಿಸಲು ಹೋಗಬೇಡಿ.

ಅನುಮಾನ ತೀರದಿದ್ದರೆ ಫೀಡ್ ಪಂಪಿಗೆ ಬರುವ ಪೈಪ್ ಕಳಚಿ, ಐದು ಲೀಟರ್ ಕ್ಯಾನನ್ನು ಇಂಜಿನ್ನಿಗಿಂತ ಎತ್ತರಕ್ಕೆ ಕಟ್ಟಿ, ಅದರಿಂದ ಒಳಗಿನದು ಕಾಣುವ ಪ್ಲಾಸ್ಟಿಕ್ ಪೈಪಿನಲ್ಲಿ ನೇರ ಫೀಡ್ ಪಂಪಿಗೆ ಡೀಸೆಲ್ ಕೊಡಿ. ಗಾಡಿ ನಿಂತಲ್ಲಿ ಮಾತ್ರ ಇದನ್ನು ಮಾಡಿ, ಸುತ್ತ ಬೀಡಿ ಹಚ್ಚಲು ಬಿಡಬೇಡಿ. ಇಂಜಿನ್ ಚೆನ್ನಾಗಿ ಓಡಿದರೆ ದೋಷ ಟ್ಯಾಂಕ್ ಅಥವಾ ಪೈಪಿನದು. ಮುಂದಿನದನ್ನು ಮುಟ್ಟುವ ಅಗತ್ಯವೇ ಇಲ್ಲ.

ಏರ್ ತೆಗೆಯುವ ಕ್ರಮ ತಪ್ಪಬಾರದು. ಫಿಲ್ಟರ್ ಮೇಲಿನ, ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ ಫೀಡ್ ಪಂಪಿನ ಮೇಲಿನ ಕೈಪಂಪ್ ಹೊಡೆಯಿರಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಒಂದೇ ಸಮನೆ ಡೀಸೆಲ್. ಹೊಡೆಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ನಂತರ ಮುಖ್ಯ ಪಂಪಿನ ಬ್ಲೀಡ್ ಸ್ಕ್ರೂನಲ್ಲಿಯೂ ಹೀಗೆಯೇ. ಕೈಪಂಪಿನ ಹಿಡಿಯನ್ನು ಒತ್ತಿ ತಿರುವಿ ಕೂರಿಸುವುದನ್ನು ಮರೆತರೆ ಅಲ್ಲಿಂದಲೇ ಮತ್ತೆ ಏರ್ ಹಿಡಿಯಬಹುದು. ಇಷ್ಟಾಗಿಯೂ ಏಳದಿದ್ದರೆ ನೋಝಲ್ ಕಡೆಯ ಪೈಪಿನ ನಟ್‌ಗಳನ್ನು ಒಂದು ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ, ಡೀಸೆಲ್ ಚಿಮ್ಮಿದ ಮೇಲೆ ಬಿಗಿಯಿರಿ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಬೇಡ, ನಡುವೆ ಅರ್ಧ ನಿಮಿಷ ಬಿಡಿ.

ನೋಝಲ್

ಇಂಜಿನ್ ಮಿಸ್ ಹೊಡೆಯುತ್ತಿದ್ದರೆ ಐಡಲ್‌ನಲ್ಲಿ ಬಿಟ್ಟು, ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿ, ಒಂದೊಂದೇ ನೋಝಲ್ ಪೈಪಿನ ನಟ್ ಸಡಿಲಿಸಿ ಬಿಗಿಯಿರಿ. ಯಾವುದನ್ನು ಸಡಿಲಿಸಿದಾಗ ಸಪ್ಪಳ ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಅದರ ನೋಝಲನ್ನು ಪಕ್ಕದ್ದಕ್ಕೆ ಬದಲಿಸಿ ಹಾಕಿ. ಮಿಸ್ಸೂ ಅದರ ಜೊತೆ ಹೋದರೆ ನೋಝಲ್ಲೇ ಕೆಟ್ಟಿದೆ. ಬಿಚ್ಚಿದ ನೋಝಲಿನ ಸ್ಪ್ರೇಯನ್ನು ಟೆಸ್ಟರಿನಲ್ಲೇ ನೋಡಬೇಕು. ಹಳೆಯ ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ಗಳಲ್ಲಿ ನೋಝಲ್ ತೆರೆಯುವುದೇ 200 ಬಾರ್ ಆಸುಪಾಸಿನ ಒತ್ತಡದಲ್ಲಿ. ಆ ಸ್ಪ್ರೇ ಚರ್ಮ ಸೀಳಿ ಮಾಂಸದೊಳಗೆ ಹೋಗುತ್ತದೆ. ತೂತು ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಇಲ್ಲದಿದ್ದರೆ ಬೆರಳೇ ಹೋಗಬಹುದು.

ಇಷ್ಟೆಲ್ಲ ಸರಿಯಿದ್ದು ಎಳೆತ ಇಲ್ಲವೆಂದರೆ ಆಗ ಪಂಪ್. ಸೀಲ್ ಮಾಡಿದ ಸ್ಕ್ರೂ ತಿರುವಿ ಡೀಸೆಲ್ ಹೆಚ್ಚಿಸಿಕೊಳ್ಳಲು ಹೋಗಬೇಡಿ. ಬರುವುದು ಕಪ್ಪು ಹೊಗೆ, ಬೀಳುವುದು ಮೈಲೇಜು. ಇಳಿಸುವ ಮುನ್ನ ಕಪ್ಲಿಂಗ್ ಮೇಲೂ ಪಂಪಿನ ಫ್ಲ್ಯಾಂಜ್ ಮೇಲೂ ಚಾಣದಿಂದ ಗುರುತು ಹಾಕಿ. ಪೈಪ್ ಕಳಚಿದ ಬಾಯಿಗಳನ್ನು ಸ್ವಚ್ಛ ಪ್ಲಾಸ್ಟಿಕ್ ಸುತ್ತಿ ಕಟ್ಟಿ. ಏನೇನು ನೋಡಿದ್ದೀರಿ, ದೋಷ ಬರುವುದು ಲೋಡಿನಲ್ಲೋ ಖಾಲಿಯಲ್ಲೋ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪಂಪಿನ ಜೊತೆ, ಪಂಪ್ ಪರೀಕ್ಷಿಸುವ ಬೆಂಚಿನವರಿಗೆ ಕೊಡಿ.