ರಕ್ತಬೀಜನನ್ನು ಟೇಬಲ್‌ಗೆ ಇಳಿಸಿದ್ದು ಹೀಗೆ

ನಾವು ಆಡೋದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಟೇಬಲ್ ಸುತ್ತ ಕೂತು ಡೈಸ್ ಉರುಳಿಸುತ್ತಾ ಆಡುವ ಕತೆಯಾಟ. ಅದರಲ್ಲಿ ರಕ್ತಬೀಜನನ್ನೇ ಬಾಸ್ (ದೊಡ್ಡ ಶತ್ರು) ಮಾಡ್ತೀನಿ ಅಂದಾಗ ನಮ್ಮ ಗುಂಪಿನ ಹಳೇ ಡಿಎಂ, ಅಂದರೆ ಆಟ ನಡೆಸುತ್ತಿದ್ದವರು, ಒಪ್ಪಲಿಲ್ಲ. "ಹನಿಗೊಬ್ಬ ಹುಟ್ಟಿದರೆ ಲೆಕ್ಕ ಇಡೋದು ಯಾರಪ್ಪ? ಫೈಟ್ ಮುಗಿಯೋದೇ ಇಲ್ಲ" ಅಂದರು. ಎರಡು ಸಲ ನಾನು ಸೋತೆ. ಮೂರನೇ ಸಲ ನಾನು ಗೆದ್ದೆ.

ಈ ಆಟದ ಶತ್ರುಗಳ ಪುಸ್ತಕವಾದ 1977ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲೇ ಹುಲಿತಲೆಯ ರಾಕ್ಷಸ ಇದ್ದಾನೆ. ಆದರೆ ನಾನು ಕೇಳಿ ಬೆಳೆದ ಕತೆಗಳ ರಕ್ಕಸ ಅವನಲ್ಲಿ ಕಾಣಲಿಲ್ಲ. ಅದಕ್ಕೇ ಈ ಹಟ.

ಮೊದಲ ಸಲ ದೇವೀಮಹಾತ್ಮೆಯಲ್ಲಿ ಇದ್ದ ಹಾಗೇ ಇಟ್ಟೆ. ನೆಲಕ್ಕೆ ಬಿದ್ದ ಪ್ರತಿ ಹನಿಗೂ ಅವನಷ್ಟೇ ಬಲದ ಇನ್ನೊಬ್ಬ. ಮೂರನೇ ರೌಂಡ್‌ಗೆ (ಎಲ್ಲರ ಸರದಿ ಒಮ್ಮೆ ಮುಗಿದರೆ ಒಂದು ರೌಂಡ್) 12-13 ಜನ ಆದರು. ಒಂದು ರೌಂಡ್‌ಗೆ ಮುಕ್ಕಾಲು ಗಂಟೆ ಹಿಡಿಯಿತು. ರಾತ್ರಿ 11ಕ್ಕೆ ಡೈಸ್ ಎತ್ತಿಟ್ಟೆವು. ದುಡ್ಡಿನ ಪೆಟ್ಟು ಬೇರೆ. ರೆಸಿನ್‌ನಲ್ಲಿ ಪ್ರಿಂಟ್ ಮಾಡಿಸಿದ 15 ಮಿನಿಗೆ (ಪುಟ್ಟ ಗೊಂಬೆಗಳಿಗೆ) ಹೆಚ್ಚುಕಮ್ಮಿ 3,500 ರೂಪಾಯಿ ಹೋಯಿತು. ಕತ್ತಿ ಹಿಡಿದ ಕೈ ತೀರಾ ತೆಳ್ಳಗಿತ್ತು. ಡಬ್ಬಿಯಿಂದ ತೆಗೆಯುವಾಗಲೇ ನಾಲ್ಕು ಮುರಿದವು.

ಎರಡನೇ ಸಲ, ಇದೇ ಆಟದ ಬ್ಲ್ಯಾಕ್ ಪುಡಿಂಗ್ ಅನ್ನೋ ಲೋಳೆ ಪ್ರಾಣಿಯ ನಿಯಮ ಹಾಕಿದೆ. ಕೊಯ್ದರೆ ಎರಡು, ಹೆಚ್‌ಪಿ (ಜೀವಬಲದ ಅಂಕ) ಅರ್ಧರ್ಧ. ಲೆಕ್ಕ ಸುಲಭವಾಯಿತು, ಭಯ ಹೋಯಿತು. ಹೊಡೆದಷ್ಟೂ ಚಿಕ್ಕವನಾಗುವವನು ರಕ್ತಬೀಜ ಹೇಗಾಗ್ತಾನೆ, ಅಲ್ವಾ? ಆಟಗಾರರು ಒಂದೇ ಫೈರ್‌ಬಾಲ್‌ನಲ್ಲಿ (ಬೆಂಕಿ ಉಂಡೆಯ ಮಂತ್ರ) ಎಲ್ಲರನ್ನೂ ಗುಡಿಸಿ ಹಾಕಿದರು.

ಮತ್ತೆ ಕತೆಗೇ ವಾಪಸ್ ಹೋದೆ. ಕಾಳಿ ಬಾಯಿ ತೆರೆದು ರಕ್ತ ಕುಡಿದಳು, ನೆಲಕ್ಕೆ ಹನಿ ಬೀಳಲಿಲ್ಲ, ಅವನು ಸತ್ತ. ನಾನು ಸಂಖ್ಯೆ ಹಿಡಿದು ಒದ್ದಾಡುತ್ತಿದ್ದೆ, ನೋಡಬೇಕಾಗಿದ್ದು ನೆಲ!

ಈಗ ಎಲ್ಲ ರಕ್ತಬೀಜರಿಗೂ ಸೇರಿ ಒಂದೇ ಹೆಚ್‌ಪಿ, ಸುಮಾರು 180. ರಕ್ತ ನೆಲಕ್ಕೆ ಬಿದ್ದರೆ ಹೊಸಬನೊಬ್ಬ ಏಳುತ್ತಾನೆ, ಮೊತ್ತಕ್ಕೆ 20 ಸೇರುತ್ತೆ. ನಮ್ಮವರ ಒಂದು ಏಟು ಸರಾಸರಿ 15. ಸುಮ್ನೆ ಹೊಡೀತಾ ಹೋದರೆ ಅವನು ಬೆಳೀತಾನೆ. ರಕ್ತಬೀಜರು ಎಷ್ಟೇ ಜನ ಇದ್ದರೂ ರೌಂಡ್‌ಗೆ ಅವರದು ಮೂರೇ ಅಟ್ಯಾಕ್. ಫೈರ್‌ಬಾಲ್ ಹತ್ತು ಜನಕ್ಕೆ ತಾಕಿದರೂ ಕಳೆಯೋದು ಒಂದೇ ಸಲ. ಇನ್ನೊಂದು ನಿಯಮ ಇದೆ, ಅದನ್ನು ಇಲ್ಲಿ ಬಿಚ್ಚಿಡೋದಿಲ್ಲ. ನಮ್ಮ ಆಟಗಾರರೂ ಇದನ್ನು ಓದುತ್ತಾರೆ.

ಮಿನಿ ಬದಲು ಅಜ್ಜಿಯ ಡಬ್ಬಿಯಲ್ಲಿದ್ದ ಗುಲಗಂಜಿ ತಂದೆ. ಹನಿಗೊಂದು ಕಾಳು ಮ್ಯಾಪ್ ಮೇಲೆ ಇಡುತ್ತಾ ಹೋದೆ. ಏಳು ಕಾಳು ಆಗೋವರೆಗೆ ಎಲ್ಲರೂ ಹೊಡೀತಾನೇ ಇದ್ದರು. ಎಂಟನೆಯದನ್ನು ಇಡಲು ಕೈ ಚಾಚಿದಾಗ ವಿಝರ್ಡ್ (ಮಂತ್ರವಾದಿ) ಪಾತ್ರ ಆಡುತ್ತಿದ್ದ ಹುಡುಗಿ ನನ್ನ ಕೈ ತಡೆದಳು. ಫ್ಲೋಟಿಂಗ್ ಡಿಸ್ಕ್ (ಗಾಳಿಯಲ್ಲಿ ತೇಲುವ ತಟ್ಟೆಯ ಮಂತ್ರ) ಹಾಕಿ, ಅವನ ಗಾಯದ ಕೆಳಗೆ ಹರಿವಾಣದ ಹಾಗೆ ಒಡ್ಡಿದಳು. ಟೇಬಲ್ ಪೂರ್ತಿ ಎದ್ದು ನಿಂತಿತು. ಆರು ರೌಂಡ್, ಒಂದೂವರೆ ಗಂಟೆ, ಫೈಟ್ ಮುಗಿಯಿತು. ಹಳೇ ಡಿಎಂ ಆ ವಾರವೇ ಅವನ ಸ್ಟ್ಯಾಟ್ ಬ್ಲಾಕ್ (ಅಂಕಿ, ನಿಯಮಗಳ ಪಟ್ಟಿ) ಕೇಳಿದರು.

ಜೊತೆಗೆ ಮಹಿಷಾಸುರನ ಮೇಲೂ ಕೈ ಇಟ್ಟಿದ್ದೇನೆ. ಕೋಣ, ಸಿಂಹ, ಮನುಷ್ಯ, ಆನೆ, ಮತ್ತೆ ಕೋಣ. ಹೆಚ್‌ಪಿ ಖಾಲಿಯಾದಾಗ ರೂಪ ಬದಲಿಸಿ ನೋಡಿದೆ, ಸಪ್ಪೆಯಾಯಿತು. ಕತೆಯಲ್ಲಿ ದೇವಿ ಸೊಂಡಿಲು ಕತ್ತರಿಸುತ್ತಾಳೆ, ಆಮೇಲೆ ಅವನು ಮತ್ತೆ ಕೋಣ ಆಗ್ತಾನೆ. ಹಾಗಾಗಿ ಒಂದೊಂದು ರೂಪಕ್ಕೂ ಕತ್ತರಿಸಬೇಕಾದ ಒಂದು ಅಂಗ ಇಟ್ಟು ಈ ತಿಂಗಳು ಆಡಿಸುತ್ತಿದ್ದೇನೆ. ಸಿಂಹದ್ದು ಇನ್ನೂ ಸರಿಬಂದಿಲ್ಲ.