ವೆಲ್ಡಿಂಗ್ ಇಲ್ಲದೆ ಕೂಡಿಸಿದ ಚಾಸಿ ಲೆಗ್: ನನ್ನ ಅನುಭವ

ಪುಣೆ ಹತ್ತಿರ ಭೋಸರಿಯ ನಮ್ಮ ಗಲ್ಲಿಯಲ್ಲಿ ಡೆಂಟಿಂಗ್ ಶೆಡ್‌ಗಳು ಹತ್ತು-ಹನ್ನೆರಡಿವೆ. ಎರಡು ವರ್ಷದ ಹಿಂದೆ ಆಷಾಢದ ಮಳೆಯಲ್ಲಿ ಒಂದು ಬಿಎಂಡಬ್ಲ್ಯು ಫೈವ್ ಸೀರೀಸ್, ಇ60 ಮಾಡೆಲ್, ಟೋಯಿಂಗ್ ಗಾಡಿಯಿಂದ ಇಳಿದಾಗ ಎಲ್ಲ ಶೆಡ್‌ನವರೂ ಬಂದು ನೋಡಿ ಹೋದರು. ಖಂಡಾಳ ಘಾಟಿನಲ್ಲಿ ಎಡ ಮೂಲೆಗೆ ಹೊಡೆದುಕೊಂಡಿತ್ತು. ಎಡ ಲೆಗ್, ಅಂದರೆ ಮುಂಭಾಗದ ಭಾರ ಹೊರುವ ಉದ್ದ ತೊಲೆ, ಮಡಚಿತ್ತು. ಮುಂಚಕ್ರದ ಸಸ್ಪೆನ್ಷನ್‌ನ ಮೇಲ್ತುದಿ ಕೂರುವ ಸ್ಟ್ರಟ್ ಟವರ್ ಹಿಂದೆ ಸರಿದಿತ್ತು. ಮುಂಬೈ ಕುರ್ಲಾದ ಭಂಗಾರಕ್ಕೆ ಕಳಿಸು ಎಂದೇ ಎಲ್ಲರೂ ಹೇಳಿದರು. ಆ ಗಾಡಿ ಈಗ ಪುಣೆ–ಧಾರವಾಡ ಓಡಾಡುತ್ತಿದೆ. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಾಯಿತು, ಟೈರ್ ಒಂದೇ ಬದಿ ಸವೆದಿಲ್ಲ, ಸ್ಟೀರಿಂಗ್ ಎಳೆಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಾಲೀಕರು ಧಾರವಾಡ ಕಡೆಯವರು. ಇನ್ಶುರೆನ್ಸ್ ಬರೀ ಥರ್ಡ್ ಪಾರ್ಟಿ. ದೊಡ್ಡ ವರ್ಕ್‌ಶಾಪ್ ಒಂದರಲ್ಲಿ ಒಂಬತ್ತು ಲಕ್ಷದ ಎಸ್ಟಿಮೇಟ್ ಕೊಟ್ಟಿದ್ದರು, ಗಾಡಿಯ ಬೆಲೆಯೇ ಅಷ್ಟಿರಲಿಲ್ಲ. ಅವರು ಕೇಳಿದ್ದು ಒಂದೇ: "ಅಣ್ಣಾರ, ನಿಮ್ಮ ಸ್ವಂತ ಗಾಡಿ ಆಗಿದ್ರ ಏನ್ ಮಾಡ್ತಿದ್ರಿ?" "ಕೂಡಿಸ್ತಿದ್ದೆ ಸಾಹೇಬ್ರ, ಆದ್ರ ಮೂರು ತಿಂಗಳ ಕೇಳಬ್ಯಾಡ್ರಿ" ಅಂದೆ.

ಇ60ಗೆ ಮ್ಯಾಗ್ನೆಟ್ ಹಿಡಿದು ನೋಡಿದವರಿಗೆ ಗೊತ್ತು. ಬಾಗಿಲಿಗೆ, ಪಿಲ್ಲರ್‌ಗೆ ಹತ್ತುತ್ತದೆ. ಸ್ಟ್ರಟ್ ಟವರ್‌ಗೆ, ಲೆಗ್‌ಗೆ ಹತ್ತುವುದಿಲ್ಲ. ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ಗೋಡೆ, ಫೈರ್‌ವಾಲ್‌ನಿಂದ ಮುಂದಕ್ಕೆ ಪೂರಾ ಅಲ್ಯೂಮಿನಿಯಂ, ಹಿಂದೆ ಉಕ್ಕು. ಎರಡನ್ನೂ ಕೂಡಿಸಿರುವುದು ಅಂಟು ಮತ್ತು ರಿವೆಟ್. ಪೇಂಟ್, ಸೀಲರ್ ಕೆಳಗೆ ಆ ಜೋಡಣೆ ಕಾಣುವುದೇ ಇಲ್ಲ.

ಇದಕ್ಕೂ ಮೊದಲು ಇಂಥದ್ದೇ ಇನ್ನೊಂದು ಗಾಡಿಯಲ್ಲಿ ಕೈ ಸುಟ್ಟುಕೊಂಡಿದ್ದೆ. ಚಾಕಣದಿಂದ ಒಳ್ಳೆಯ ಆರ್ಗಾನ್ ವೆಲ್ಡರ್‌ನನ್ನು ಕರೆಸಿ, ಲೆಗ್ ನಡುವೆ ಕತ್ತರಿಸಿ ಟಿಗ್ (ಆರ್ಗಾನ್ ವೆಲ್ಡಿಂಗ್) ಹೊಡೆಸಿದೆ. ನೋಡಲು ಹೊಲಿಗೆ ಬಹಳ ಚೆಂದ. ತಣ್ಣಗಾದ ಮೇಲೆ ಗೇಜ್ ಹಿಡಿದರೆ ಆರು ಮಿಲಿಮೀಟರ್ ಎಳೆದುಕೊಂಡಿತ್ತು. ಮೂರು ತಿಂಗಳಿಗೆ ಹೊಲಿಗೆಯ ಪಕ್ಕದಲ್ಲೇ ಕೂದಲೆಳೆಯ ಬಿರುಕು ಕಾಣಿಸಿತು. ಅಲ್ಯೂಮಿನಿಯಂ ಕೆಂಪಾಗುವುದಿಲ್ಲ, 660 ಡಿಗ್ರಿ ಆಸುಪಾಸಿಗೆ ಸೀದಾ ಕರಗುತ್ತದೆ. ಅದಕ್ಕೂ ಬಹಳ ಮೊದಲೇ ಹೊಲಿಗೆಯ ಅಕ್ಕಪಕ್ಕ ಬಲ ಹೋಗಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಗಾಡಿ ವಾಪಸ್ ತಗೊಂಡೆ, ಹಣ ತಿರುಗಿ ಕೊಟ್ಟೆ. ಎಪ್ಪತ್ತು ಸಾವಿರದಷ್ಟು ಹೋಯಿತು.

ಆದ್ದರಿಂದ ಈ ಸಲ ಕಂಪನಿಯ ರಿಪೇರಿ ಪದ್ಧತಿಯನ್ನೇ ಹಿಡಿದೆ: ಹೊಸ ಲೆಗ್, ಭಾರ ಹೊರುವ ಸ್ಟ್ರಕ್ಚರಲ್ ಅಂಟು, ರಿವೆಟ್. ಅಥಣಿಯ ಕಾಕಾ ನಮ್ಮ ಗಲ್ಲಿಗೇ ಹಿರಿಯ ಡೆಂಟರ್. ಬಂದು ನಿಂತು, "ಹುಚ್ಚ ಹಿಡದೈತೇನೋ ನಿನಗ? ಚಪ್ಪಲಿ ಗಮ್‌ನ್ಯಾಗ ಎಂಜಿನ್ ನಿಂದರಸ್ತಿ?" ಅಂದರು.

ಲೆಗ್ ಬರಲು ಆರು ವಾರ ಹಿಡಿಯಿತು. ಆ ಆರು ವಾರವನ್ನು ಹಳೆ ಲೆಗ್‌ನ ಪಟ್ಟಿಗಳ ಮೇಲೆ ಕಳೆದೆ. ಇಪ್ಪತ್ತು ಜೋಡಿ ಕತ್ತರಿಸಿ ಅಂಟಿಸಿ, ಮಾರನೇ ದಿನ ಚಾಣ ಹಾಕಿ ಕಿತ್ತೆ. ಬರೀ ಥಿನ್ನರ್‌ನಲ್ಲಿ ಒರೆಸಿದವು ಬಾಳೆಸಿಪ್ಪೆಯಂತೆ ಬಂದವು, ಒಂದು ಬದಿ ಲೋಹ ಬೋಳು. ಉಜ್ಜಿ, ಒರೆಸಿ, ಅರ್ಧ ಗಂಟೆಯೊಳಗೆ ಅಂಟು ಹಚ್ಚಿದವು ನಡುವೆ ಹರಿದವು, ಅಂಟು ಎರಡೂ ಬದಿಗೆ ಉಳಿಯಿತು. ನಮಗೆ ಬೇಕಾದದ್ದು ಅದೇ. ಕ್ಲ್ಯಾಂಪ್ ಬಿಗಿಯಾಗಿ ಹಿಂಡಿದ ಜೋಡಿಗಳೂ ಸೋತವು, ಅಂಟೆಲ್ಲ ಹೊರಗೆ ಬಂದು ನಡುವೆ ಏನೂ ಉಳಿದಿರಲಿಲ್ಲ. ಸಂದಿ ಎಲ್ಲ ಕಡೆ ಒಂದೇ ಸಮ ಉಳಿಯಲು ಒಂದು ಉಪಾಯ ಹುಡುಕಿದ್ದೇನೆ, ಅದು ನನ್ನ ಹತ್ತಿರವೇ ಇರಲಿ.

ಸುಮ್ಮನಿರಲಾರದೆ ಉಪ್ಪುನೀರಿನ ಬಕೆಟ್ ಕೂಡ ಇಟ್ಟೆ. ಉಕ್ಕು-ಅಲ್ಯೂಮಿನಿಯಂ ಎರಡು ಜೋಡಿ: ಒಂದಕ್ಕೆ ಬರೀ ಬೋಲ್ಟ್, ಇನ್ನೊಂದಕ್ಕೆ ನಡುವೆ ಅಂಟು. ಮೂರು ವಾರಕ್ಕೆ ಬೋಲ್ಟ್ ಹಾಕಿದ್ದು ಸುಣ್ಣದಂಥ ಬಿಳಿ ಪುಡಿ ಬಿಟ್ಟಿತು, ಅಲ್ಯೂಮಿನಿಯಂ ತಿಂದುಹೋಗುತ್ತಿರುವ ಗುರುತು ಅದು. ಅಂಟು ಹಿಡಿಯುವುದಷ್ಟೇ ಅಲ್ಲ, ಎರಡು ಲೋಹ ಮುಟ್ಟದ ಹಾಗೆ ಕಾಯುತ್ತದೆ. ಕಾಕಾರನ್ನು ಕರೆದು ಬಕೆಟ್ ತೋರಿಸಿದೆ. ಅವತ್ತಿನಿಂದ ಗಮ್ಮಿನ ಮಾತು ನಿಂತಿತು. ಉಕ್ಕಿಗೆ ಬಳಸಿದ ಗ್ರೈಂಡರ್, ಬ್ರಶ್ ಯಾವುದನ್ನೂ ಅಲ್ಯೂಮಿನಿಯಂಗೆ ಮುಟ್ಟಿಸಬೇಡಿ ಅನ್ನುವುದೂ ಇದಕ್ಕೇ, ಉಕ್ಕಿನ ಕಣ ಒಳಗೆ ಕೂತರೆ ಅಲ್ಲಿಂದಲೇ ತಿನ್ನಲು ಶುರು. ನಾನು ತಾಡಪತ್ರಿ ಕಟ್ಟಿ ಬೇರೆ ಮೂಲೆ ಮಾಡಿದೆ. ಅಲ್ಯೂಮಿನಿಯಂ ಧೂಳು ಕಿಡಿಗೆ ಸಿಕ್ಕರೆ ಸ್ಫೋಟಿಸುತ್ತದೆ ಎಂಬುದನ್ನು ಹುಡುಗರಿಗೆ ದಿನಾ ಹೇಳಬೇಕು.

ಹಳೆ ರಿವೆಟ್ ತೆಗೆಯುವಾಗ ಒಂದು ತಪ್ಪಾಯಿತು. ಡ್ರಿಲ್ ಓರೆಯಾಗಿ ಉಕ್ಕಿನ ಬದಿಯ ತೂತು ದೊಡ್ಡದಾಯಿತು. ದಪ್ಪ ರಿವೆಟ್ ತರಿಸುವಷ್ಟರಲ್ಲಿ ಹತ್ತು ದಿನ. ಗಾಡಿಯನ್ನು ಬಿಗಿದು ಅಳತೆಗೆ ತರುವ ಬೆಂಚ್ ನನ್ನದಲ್ಲ, ದಿನಕ್ಕೆ ಸಾವಿರದ ಎಂಟುನೂರರ ಹಾಗೆ ಬಾಡಿಗೆ ಓಡುತ್ತಲೇ ಇತ್ತು.

ಹೊಸ ಲೆಗ್ ಮೂರು ಸಲ ಅಂಟಿಲ್ಲದೆ ಕೂಡಿಸಿ ಅಳೆದೆ. ಟವರ್‌ನಿಂದ ಟವರ್‌ಗೆ, ಆಮೇಲೆ ಕರ್ಣ. ಎರಡು ಮಿಲಿಮೀಟರ್ ಒಳಗೆ ಬಂದ ಮೇಲೆಯೇ ಅಂಟಿನ ಕಾರ್ಟ್ರಿಜ್ ಒಡೆದೆ. ಒಡೆದ ಮೇಲೆ ಕೈಯಲ್ಲಿರುವುದು ಒಂದು ಗಂಟೆ. ನಾಲ್ಕು ಜನ, ಫೋನ್ ಬಂದ್. ಮಳೆಗಾಲದ ತಂಪಿಗೆ ಅಂಟು ತಡವಾಗಿ ಗಟ್ಟಿಯಾಗುತ್ತದೆಂದು ಪಟ್ಟಿಗಳಲ್ಲೇ ಕಂಡಿದ್ದೆ. ತಾಡಪತ್ರಿ ಗೂಡಿನಲ್ಲಿ ಹ್ಯಾಲೊಜೆನ್ ದೀಪ ಇಟ್ಟು ಬಿಸಿ ಕೊಟ್ಟೆ. ಎಷ್ಟು ದೂರ, ಎಷ್ಟು ಹೊತ್ತು ಎನ್ನುವುದನ್ನು ನಿಮ್ಮ ನಿಮ್ಮ ಪಟ್ಟಿಗಳ ಮೇಲೆ ಕಂಡುಕೊಳ್ಳಿ.

ಬಿಸಿಯ ವಿಷಯ ಬಂತು, ಒಂದು ಮಾತು ಹೇಳಲೇಬೇಕು. ವೋಲ್ವೋ ಎಕ್ಸ್‌ಸಿ90ಯಂಥ ಗಾಡಿಗಳ ಬಿ ಪಿಲ್ಲರ್, ಅಂದರೆ ಮುಂದಿನ-ಹಿಂದಿನ ಬಾಗಿಲ ನಡುವಿನ ಕಂಬ, ಅದರ ಒಳಗಿರುವುದು ಬೋರಾನ್ ಉಕ್ಕು. 900 ಡಿಗ್ರಿಯಷ್ಟು ಕಾಯಿಸಿ, ಅಚ್ಚಿನಲ್ಲೇ ಒತ್ತಿ ತಣಿಸಿದ್ದು; ಬಲ 1500 ಮೆಗಾಪ್ಯಾಸ್ಕಲ್ ಆಸುಪಾಸು. ಅದಕ್ಕೆ ಗ್ಯಾಸ್ ಹಿಡಿದು ಕೆಂಪು ಮಾಡಿ ಎಳೆಯುವುದನ್ನು ಈಗಲೂ ನೋಡುತ್ತೇನೆ. ಎಳೆದದ್ದು ನೆಟ್ಟಗಾಗುತ್ತದೆ, ಪುಟ್ಟಿ ಬೀಳುತ್ತದೆ, ಬಾಗಿಲು ಚೆನ್ನಾಗಿ ಮುಚ್ಚುತ್ತದೆ. ಒಳಗಿನ ಉಕ್ಕು ಮಾತ್ರ ಮೆತ್ತಗಾಗಿರುತ್ತದೆ. ಮುಂದಿನ ಸಲ ಪಕ್ಕದಿಂದ ಹೊಡೆತ ಬಿದ್ದರೆ ಆ ಪಿಲ್ಲರ್ ಕೂತವರ ಪಕ್ಕೆಗೇ ಬರುತ್ತದೆ. ಅಂಥ ಕೆಲಸ ನನ್ನ ಶೆಡ್‌ಗೆ ಬಂದರೆ ಹೊಸ ಪಿಲ್ಲರ್ ತರಿಸಿ, ಇಲ್ಲವಾದರೆ ಒಯ್ಯಿರಿ ಅನ್ನುತ್ತೇನೆ. ಗಿರಾಕಿ ಹೋದದ್ದೂ ಉಂಟು.

ಲೆಕ್ಕ ನೆನಪಿದ್ದಷ್ಟು: ಲೆಗ್ ಒಂದು ಲಕ್ಷ ನಲವತ್ತು ಸಾವಿರ, ಅಂಟು, ರಿವೆಟ್ ಸೇರಿ ಮೂವತ್ತರ ಮೇಲೆ, ಬೆಂಚ್ ಬಾಡಿಗೆ ನಲವತ್ತು, ಸಸ್ಪೆನ್ಷನ್, ರೇಡಿಯೇಟರ್, ಪೇಂಟ್ ಬೇರೆ. ಬಿಲ್ ನಾಲ್ಕು ಲಕ್ಷ ಇಪ್ಪತ್ತು ಸಾವಿರ, ಕೈಗೆ ಉಳಿದದ್ದು ಐವತ್ತು ಸಾವಿರ. ಹಳೆ ರಿವೆಟ್ ಗನ್‌ಗೆ ಕೊಟ್ಟ ಎಂಬತ್ತೈದು ಸಾವಿರ ಆ ಕೆಲಸದಲ್ಲಿ ಹುಟ್ಟಲಿಲ್ಲ, ಆಮೇಲೆ ಬಂದ ಮೂರು ಗಾಡಿಗಳಲ್ಲಿ ಹುಟ್ಟಿತು.

ಈ ಮಳೆಗಾಲ ಮುಗಿದ ಮೇಲೆ ಗಾಡಿಯನ್ನು ಕರೆಸಿ ಎಡ ಚಕ್ರದ ಲೈನರ್ ಬಿಚ್ಚಿದೆವು. ಸೀಲರ್ ಎಲ್ಲೂ ಬಿಟ್ಟಿಲ್ಲ, ಬಿಳಿ ಪುಡಿ ಇಲ್ಲ. ಬ್ಯಾಟರಿ ಹಿಡಿದು ಸಂದಿಯೊಳಗೆ ಬಗ್ಗಿ ನೋಡುತ್ತಿದ್ದವರು ಕಾಕಾ.